ತಡವಾಗಿ ಬಂದ ಓದು, ಮೊದಲೇ ಬಂದ ಕೇಳ್ಮೆ

ಮೂವತ್ತು ದಾಟಿದ ಮೇಲೆ ಓದಿನ ರುಚಿ ಹತ್ತಿದವರು ತಮ್ಮ ಕಥೆ ಹೇಳುವ ರೀತಿ ಈಗೀಗ ಒಂದೇ ಥರ ಆಗಿದೆ. ಮೊದಲು ಏನೂ ಗೊತ್ತಿರಲಿಲ್ಲ, ಯಾರೋ ‘ಕರ್ವಾಲೊ’ ಕೈಗಿಟ್ಟರು, ಒಂದೇ ರಾತ್ರಿಗೆ ಮುಗೀತು, ಕಣ್ಣು ತೆರೀತು. ನಮ್ಮ ಐಟಿ ಮಂದಿಯಾದರೆ ಇದಕ್ಕೊಂದು ಲೆಕ್ಕಾನೂ ಹಚ್ತೀವಿ: ವರ್ಷಕ್ಕೆ 50 ಪುಸ್ತಕ, ಇಷ್ಟು ಮುಗೀತು, ಇಷ್ಟು ಬಾಕಿ. ನನ್ನ ತಕರಾರು ಲೆಕ್ಕದ ಮೇಲಲ್ಲ, ‘ಮೊದಲು ಏನೂ ಇರಲಿಲ್ಲ’ ಅನ್ನೋ ಮಾತಿನ ಮೇಲೆ.

ಕೊಪ್ಪಳ ಸೀಮೆಯಲ್ಲಿ ‘ತಡ’ ಅನ್ನೋದಕ್ಕೆ ಒಂದು ಚರಿತ್ರೆ ಇದೆ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ರಾಜ್ಯ. ಶಾಲೆ, ಕಚೇರಿ ಎರಡರಲ್ಲೂ ಉರ್ದುವಿನದೇ ಮೇಲುಗೈ. ಅಂಥ ಕಾಲದಲ್ಲಿ, 1922ರಲ್ಲಿ, ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಶುರುವಾಯ್ತು ಅನ್ನೋದೇ ದೊಡ್ಡ ಮಾತು. 2011ರ ಜನಗಣತಿಯಲ್ಲೂ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 60 ಮುಟ್ಟಿರಲಿಲ್ಲ. ಇಲ್ಲಿ ತಡವಾಗಿ ಓದಿದವರನ್ನು ಸೋಮಾರಿಗಳು ಅನ್ನೋಕೆ ಬರೋದಿಲ್ರೀ.

ಆದರೆ ಅಕ್ಷರ ತಡವಾಯ್ತು ಅಂದ ಮಾತ್ರಕ್ಕೆ ಸಾಹಿತ್ಯ ತಡವಾಯ್ತು ಅಂತಲ್ಲ. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿ ‘ಕಾವ್ಯಾನಂದ’ರಾದ ಸಿದ್ದಯ್ಯ ಪುರಾಣಿಕರ ಮನೆತನದ ಹೆಸರೇ ಒಂದು ಸುಳಿವು. ಪುರಾಣ ಹೇಳೋರಿದ್ದರು ಅಂದರೆ ಕೇಳೋರೂ ಇದ್ದರು. ನಮ್ಮ ಕಡೆ ನವರಾತ್ರಿಯಲ್ಲಿ ಇವತ್ತಿಗೂ ಚಿದಾನಂದಾವಧೂತರ ದೇವಿ ಪುರಾಣ ನಡೀತದ. ಒಬ್ಬರು ಓದ್ತಾರ, ಇನ್ನೊಬ್ಬರು ಅರ್ಥ ಬಿಡಿಸ್ತಾರ, ಊರು ಕೇಳ್ತದ. ಷಟ್ಪದಿಯ ಮೂರನೇ ಸಾಲು, ಆರನೇ ಸಾಲು ಯಾಕೆ ಉದ್ದ ಅಂತ ಆ ಮಂದಿಗೆ ಯಾರೂ ಪಾಠ ಹೇಳಿಲ್ಲ. ಆದರೆ ಅಲ್ಲಿ ರಾಗ ಎಳೀಬೇಕು ಅನ್ನೋದು ಕಿವಿಗೆ ಗೊತ್ತು. ನಾನು ಬಿಇಗೆ ಬರುವ ಹೊತ್ತಿಗೆ ಮರೆತ ವಿದ್ಯೆ ಅದು.

ಹಂಗಂತ ಕೇಳಿದ್ದೇ ಸಾಕು, ಪುಸ್ತಕ ಯಾಕೆ ಅನ್ನೋ ಹಳಹಳಿಕೆಗೂ ನಾನು ಸೇರೋನಲ್ಲ. ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಅಂತ ನಮ್ಮಲ್ಲಿ ಗಾದೆ. ಕಿವಿಯಿಂದ ಆಗದ್ದು ಕಣ್ಣಿಂದ ಏನಾಗ್ತದೆ? ದ್ರೌಪದಿ ವಸ್ತ್ರಾಪಹರಣದ ದೊಡ್ಡಾಟ ನೆನೆಸಿಕೊಳ್ಳಿ. ಧರ್ಮರಾಯ ಮೊದಲು ತನ್ನನ್ನೇ ಸೋತನೋ, ನನ್ನನ್ನು ಸೋತನೋ, ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು ಅಂತ ಆಕೆ ಕೇಳ್ತಾಳೆ. ಹಿರಿಯರು ತೊದಲ್ತಾರೆ. ಅಷ್ಟರಲ್ಲಿ ಮದ್ದಳೆ ಏರ್ತದ, ಸೀರೆ ಬೆಳೀತದ, ಜನ ಕೈ ಮುಗೀತಾರೆ. ಪ್ರಶ್ನೆ ಹಿಂದೆ ಬಿತ್ತು. ಕುಮಾರವ್ಯಾಸನ ಸಭಾಪರ್ವ ತೊಡೆ ಮೇಲೆ ಇದ್ದರೆ ಮಾತ್ರ ಅಲ್ಲೇ ನಿಲ್ಲಬಹುದು. ಪವಾಡಕ್ಕೆ ಹೋಗೋದು ಬ್ಯಾಡ, ಉತ್ತರ ಎಲ್ಲಿ ಅಂತ ಹಾಳೆ ಹಿಂದಕ್ಕೆ ತಿರುವಬಹುದು. ಅರ್ಥ ಹೇಳೋರನ್ನು ತಡೆದು ಕೇಳುವ ಧೈರ್ಯ ಇಲ್ಲದವರಿಗೆ ಪುಸ್ತಕ ಕೊಡೋದು ಈ ಹಕ್ಕನ್ನು.

ಈಗ ‘ಕರ್ವಾಲೊ’ಗೆ ಬರೋಣ. 1980ರಲ್ಲಿ ಬಂದ ಈ ಕಾದಂಬರಿ ಹೊಸ ಓದುಗರನ್ನು ಅಷ್ಟು ಬೇಗ ಹಿಡಿಯೋದು ಯಾಕೆ? ಭಾಷೆ ಸರಳ ಅಂತಾರೆ. ಅದು ಅರ್ಧ ಸತ್ಯ. ತೇಜಸ್ವಿ ಅದನ್ನು ಪಕ್ಕದಲ್ಲಿ ಕೂತು ಹೇಳಿದಂಗ ಬರೆದಿದ್ದಾರೆ. ಕಿವಿ ಪಳಗಿದವನಿಗೆ ಅದು ಹೊಸದಲ್ಲ. ಮೇಲಾಗಿ ಅದರೊಳಗೆ ಮಂದಣ್ಣ ಇದ್ದಾನೆ. ಊರು ಅವನನ್ನು ದಡ್ಡ ಅಂದುಕೊಂಡರೂ ವಿಜ್ಞಾನಿ ಕರ್ವಾಲೊಗೆ ಅವನ ಕಣ್ಣಿನ ಬೆಲೆ ಗೊತ್ತು. ಪುಸ್ತಕದಿಂದ ದೂರ ಉಳಿದವನೂ ಏನೋ ತಿಳಿದವನೇ ಅಂತ ಹೇಳುವ ಪುಸ್ತಕವನ್ನೇ ಹಿಡಿದು ‘ನನಗೆ ಮೊದಲು ಏನೂ ಗೊತ್ತಿರಲಿಲ್ಲ’ ಅನ್ನೋದು ಆ ಪುಸ್ತಕವನ್ನೇ ಅರ್ಧ ಓದಿದಂಗ.

ಇದು ಬರೀ ವಾದ ಅಲ್ಲ. ಅರವತ್ತರಲ್ಲಿ ಅಕ್ಷರ ಕೂಡಿಸಿ ಕೂಡಿಸಿ, ತುಟಿ ಆಡಿಸುತ್ತ ಜೋರಾಗಿ ಓದುವ ಹೆಣ್ಣುಮಗಳಿಗೆ ‘ಮನಸಿನ್ಯಾಗ ಓದಬೇ’ ಅಂತ ಮನೆಯ ಓದಿದ ಮಕ್ಕಳೇ ಹೇಳ್ತೇವೆ. ಆಕೆ ನಾಚಿ ಪುಸ್ತಕ ಮುಚ್ಚಿಡ್ತಾಳೆ. ಆಕೆಗೆ ನಮ್ಮ ‘ಓದಲೇಬೇಕಾದ ಹತ್ತು ಕೃತಿ’ಗಳ ಪಟ್ಟಿ ಬೇಕಿಲ್ಲ. ಕೇಳಿ ಬಾಯಿಪಾಠ ಆದ ಪುರಾಣದ ಪುಸ್ತಕವೇ ಕೈಗೆ ಸಿಗಲಿ, ದೊಡ್ಡ ಅಕ್ಷರದಲ್ಲಿ. ಪಾಠ ಗೊತ್ತಿರೋದರಿಂದ ಅಕ್ಷರ ಬೇಗ ಹಿಡೀತದ. ಆಮೇಲೆ ಒಂದು ದಿನ ನಡುವೆ ಬೆರಳಿಟ್ಟು, ‘ಇದು ನ್ಯಾಯ ಏನಪಾ?’ ಅಂತ ಆಕೆ ಕೇಳಿದರೆ, ಅಲ್ಲಿಗೆ ವಿಮರ್ಶೆ ಶುರುವಾಯ್ತು ಅಂತ ತಿಳೀರಿ.