ರೆಕ್ಕೆಯ ಅಳತೆ ನೋಡುವ ಬಗೆ

ತಿರುಪ್ಪೂರಿನಲ್ಲಿ ಬಟ್ಟೆಯ ಮಾತೆಲ್ಲ ಜಿಎಸ್‌ಎಂನಲ್ಲೇ ನಡೆಯುತ್ತದೆ. ಚದರ ಮೀಟರಿಗೆ 180 ಗ್ರಾಂ ಎಂದರೆ ಟೀ ಶರ್ಟಿಗೆ ಮಾಮೂಲಿ ಬಟ್ಟೆ. ಪ್ಯಾರಾಗ್ಲೈಡರಿನ ರೆಕ್ಕೆಯ ನೈಲಾನ್ ಬಟ್ಟೆ 30ರಿಂದ 40 ಗ್ರಾಂ, ಅಷ್ಟೇ! ಬನಿಯನ್ ಬಟ್ಟೆ ಮೈಗೆ ತಕ್ಕಂತೆ ಹಿಗ್ಗಬೇಕು, ಇದು ಹಿಗ್ಗಲೇಬಾರದು. ಕಣ್ಣಿಗೆ ಹತ್ತಿರ ಹಿಡಿದರೆ ತುಂಬ ಸಣ್ಣ ಚೌಕಗಳು ಕಾಣುತ್ತವೆ. ಹರಿದರೂ ಅದು ಮುಂದಕ್ಕೆ ಹೋಗದಿರಲಿ ಎಂದು ನಡುನಡುವೆ ದಪ್ಪ ಎಳೆ ಸೇರಿಸಿ ನೇಯ್ದದ್ದು. ಗಾಳಿ ಸೋರದಂತೆ ಮೇಲೊಂದು ಲೇಪವೂ ಇರುತ್ತದೆ.

ಹಾರಾಟ ನೋಡಲು ಹೋದವರು ಬಣ್ಣಕ್ಕೆ ಮನಸೋಲುತ್ತಾರೆ. ನಾನಾದರೆ ಮೊದಲು ಸೈಜು ಕೇಳುತ್ತೇನೆ. ಇಲ್ಲೂ ಎಸ್, ಎಂ, ಎಲ್ ಎಂಬ ಅಕ್ಷರಗಳೇ. ಆದರೆ ಅಳೆಯುವುದು ಎದೆಯನ್ನಲ್ಲ, ನೆಲ ಬಿಟ್ಟು ಮೇಲೇಳುವ ಒಟ್ಟು ತೂಕವನ್ನು. ಪೈಲಟ್ 70 ಕಿಲೋ, ಸೀಟು, ತುರ್ತು ಪ್ಯಾರಾಚೂಟ್, ಹೆಲ್ಮೆಟ್, ರೆಕ್ಕೆ ಎಲ್ಲ ಸೇರಿ 20 ಎಂದಿಟ್ಟುಕೊಳ್ಳಿ. 80ರಿಂದ 100 ಕಿಲೋ ಮಿತಿಯ ರೆಕ್ಕೆಗೆ ಅವರು ಸರಿಯಾಗಿ ನಡುವೆ ಬರುತ್ತಾರೆ. 82ಕ್ಕೆ ಇಳಿದರೆ ರೆಕ್ಕೆ ನಿಧಾನ, ಬ್ರೇಕ್ ಎಳೆದರೂ ತಡವಾಗಿ ತಿರುಗುತ್ತದೆ, ಒರಟು ಗಾಳಿಯಲ್ಲಿ ಅಂಚು ಬೇಗ ಮಡಚಿಕೊಳ್ಳುತ್ತದೆ. 98ಕ್ಕೆ ಏರಿದರೆ ಬಿಗಿ, ಚುರುಕು. ಆದರೆ ಬೇಗ ಇಳಿಯುತ್ತದೆ, ಮಡಚಿಕೊಂಡಾಗ ರಭಸವೂ ಹೆಚ್ಚು. ಬೇರೆ ಬೇರೆ ಭಾರ ಹೊತ್ತ ಒಂದೇ ಮಾದರಿಯ ಎರಡು ರೆಕ್ಕೆಗಳನ್ನು ಜೊತೆಯಾಗಿ ನೋಡಿ, ಈ ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ. ಇನ್ನು ಚಿಕ್ಕ ಸೈಜಿನಲ್ಲಿ ಪೈಲಟ್ ನೇತಾಡುವ ದಾರಗಳೂ ಗಿಡ್ಡ, ಹಾಗಾಗಿ ಅವರು ಬೇಗಬೇಗ ತೂಗಾಡುತ್ತಾರೆ. ದೊಡ್ಡದನ್ನು ಕುಗ್ಗಿಸಿದ ಮಾತ್ರಕ್ಕೆ ಒಳ್ಳೆಯ ಚಿಕ್ಕ ರೆಕ್ಕೆ ಆಗುವುದಿಲ್ಲ.

ಯುರೋಪಿನ ಇಎನ್ ಪರೀಕ್ಷೆ ರೆಕ್ಕೆಗಳನ್ನು ಎಯಿಂದ ಡಿವರೆಗೆ ವಿಂಗಡಿಸುತ್ತದೆ. ಕಲಿಕೆ ಮುಗಿಸಿದವರ ಮಧ್ಯಮ ದರ್ಜೆಯ ರೆಕ್ಕೆ ಹೆಚ್ಚಾಗಿ ಬಿ. ಹರಡಿದಾಗ ಉದ್ದವು ಸರಾಸರಿ ಅಗಲದ ಐದೂವರೆ ಪಟ್ಟು ಆಸುಪಾಸು. ಸ್ಪರ್ಧೆಯ ರೆಕ್ಕೆಗಳಲ್ಲಿ ಅದು ಏಳನ್ನು ದಾಟುತ್ತದೆ. ತೆಳ್ಳಗೆ ಉದ್ದವಾದಷ್ಟೂ ದೂರ ಸಾಗುತ್ತದೆ, ಕೆಟ್ಟರೆ ಸಂಭಾಳಿಸುವುದೂ ಅಷ್ಟೇ ಕಷ್ಟ. ಬಿ ದರ್ಜೆಯ ವಿನ್ಯಾಸಕಾರರು ಇವೆರಡರ ನಡುವೆ ಹಿಡಿಯುವ ಹದವೇ ನನಗೆ ಇಡೀ ಕಲೆಯಲ್ಲಿ ಅತಿ ಮೆಚ್ಚುಗೆಯಾದದ್ದು.

ಇನ್ನು ಗಾಳಿ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಮುಂಗಾರು ಗಾಳಿಗಾಗಿಯೇ ತಿರುಪ್ಪೂರು ಜಿಲ್ಲೆಯ ಉಡುಮಲೈ, ಪಲ್ಲಡಂ ಸುತ್ತ ಗಾಳಿಯಂತ್ರಗಳು ಸಾಲುಗಟ್ಟಿವೆ. ಅವು ಪೂರ್ತಿ ವಿದ್ಯುತ್ ಕೊಡಲು ಸಾಮಾನ್ಯವಾಗಿ ಸೆಕೆಂಡಿಗೆ 12 ಮೀಟರಿನಷ್ಟು, ಅಂದರೆ ಗಂಟೆಗೆ 43 ಕಿ.ಮೀ. ಗಾಳಿ ಬೇಕು. ಬ್ರೇಕ್ ಬಿಟ್ಟ ಬಿ ರೆಕ್ಕೆಯ ವೇಗ ಸುಮಾರು 38. ಅಂಥ ಗಾಳಿಗೆ ಎದುರಾದರೆ ಮುಂದೆ ಹೋಗುವ ಬದಲು ಹಿಂದಕ್ಕೇ ಸರಿಯುತ್ತದೆ. ಕಾಲಿನಿಂದ ಸ್ಪೀಡ್ ಬಾರ್ ಒತ್ತಿದರೆ 50 ಮುಟ್ಟಬಹುದು. ಆಗ ರೆಕ್ಕೆಯ ಮೂತಿ ತಗ್ಗುತ್ತದೆ, ಮಡಚಿಕೊಳ್ಳುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಹಾರಾಟ ನೋಡಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು, ಆ ಯಂತ್ರಗಳು ಸೋಮಾರಿಯಾಗಿ ತಿರುಗುವ ತಿಂಗಳು ಆರಿಸಿಕೊಳ್ಳಿ.