ಕಂಡ ಕನಸು, ಹೇಳಿದ ಕನಸು

ಮಾನವನ ಇತಿಹಾಸದಲ್ಲಿ ಕನಸಿಗೆ ದೊರೆತಷ್ಟು ಗೌರವವೂ ಕನಸಿನಿಂದ ಆದಷ್ಟು ಮೋಸವೂ ಬೇರೆ ಯಾವ ಅನುಭವದಿಂದಲೂ ಆಗಿರಲಾರದು. ಅರಸರು ಕನಸನ್ನು ನಂಬಿ ಯುದ್ಧಕ್ಕೆ ಹೊರಟಿದ್ದಾರೆ. ಕವಿಗಳು ಕನಸನ್ನು ನಂಬಿ ಲೇಖನಿ ಹಿಡಿದಿದ್ದಾರೆ. ಭಕ್ತರು ಕನಸನ್ನು ನಂಬಿ ಗುಡಿ ಕಟ್ಟಿಸಿದ್ದಾರೆ. ಆದರೆ ಕನಸಿಗೆ ಸಾಕ್ಷಿಯಿಲ್ಲ. ಕಂಡವನು ಒಬ್ಬನೇ, ಕೇಳುವವರು ಹಲವರು. ಕಂಡ ಕನಸಿಗೂ ಹೇಳಿದ ಕನಸಿಗೂ ನಡುವೆ ಇರುವ ಈ ಅಂತರದಲ್ಲಿಯೇ ಧರ್ಮದ ಪ್ರಶ್ನೆ ಹುಟ್ಟುತ್ತದೆ. ಜೈನ ಪರಂಪರೆ ಈ ಪ್ರಶ್ನೆಯನ್ನು ಹೇಗೆ ಎದುರಿಸಿತೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಭೀಮಾ ನದಿಯ ತೀರದಿಂದಲೇ ಆರಂಭಿಸಬಹುದು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲ ಕನಸನ್ನು ಬಲ್ಲ ನೆಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ, ದತ್ತಭಕ್ತರು ಪಾರಾಯಣಕ್ಕೆ ಕುಳಿತು ಗುರುವಿನ ಸ್ವಪ್ನದರ್ಶನಕ್ಕಾಗಿ ಕಾಯುತ್ತಾರೆ. ಅವರು ಪಾರಾಯಣ ಮಾಡುವ ‘ಗುರುಚರಿತ್ರೆ’ಯಲ್ಲಿಯೂ ದಣಿದ ನಾಮಧಾರಕನು ಮಲಗಿದಾಗ ಗುರು ಕನಸಿನಲ್ಲಿಯೇ ಕಾಣಿಸಿಕೊಳ್ಳುತ್ತಾನೆ. ಆಳಂದದಲ್ಲಿ ಲಾಡ್ಲೆ ಮಶಾಯಿಕರ ದರ್ಗಾ ಇದೆ. ಅಲ್ಲಿಗೆ ಬರುವವರ ಪರಂಪರೆಯಲ್ಲಿ ಸತ್ಯವಾದ ಸ್ವಪ್ನವನ್ನು ಪ್ರವಾದಿತ್ವದ ನಲವತ್ತಾರು ಭಾಗಗಳಲ್ಲಿ ಒಂದೆಂದು ಎಣಿಸುತ್ತಾರೆ. ಜೇವರ್ಗಿಯು ಷಣ್ಮುಖ ಶಿವಯೋಗಿಗಳ ಊರು. ಅವರು ಸೇರಿದ ವಚನಪರಂಪರೆಯಲ್ಲಿ ಸಂಸಾರವೇ ಒಂದು ಕನಸೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಈ ಮೂರು ತಾಲ್ಲೂಕುಗಳ ನೆರೆಯಲ್ಲಿ, ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಡದಲ್ಲಿ, ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಮಾನ್ಯಖೇಟದ ಸುತ್ತಣ ವಿದ್ವತ್ತಿನಲ್ಲಿಯೇ ಜೈನ ಸಾಹಿತ್ಯದ ಸ್ವಪ್ನವಿಚಾರವು ತನ್ನ ಪ್ರೌಢರೂಪವನ್ನು ಪಡೆಯಿತು.

ತೀರ್ಥಂಕರರ ಮಾತೆಯರು ಕಂಡ ಸ್ವಪ್ನಗಳು ಶ್ರಾವಕರ ಮನೆಯ ಮಕ್ಕಳಿಗೂ ಗೊತ್ತು. ದಿಗಂಬರ ಪರಂಪರೆಯಲ್ಲಿ ಅವು ಹದಿನಾರು, ಶ್ವೇತಾಂಬರ ಪರಂಪರೆಯಲ್ಲಿ ಹದಿನಾಲ್ಕು. ಆನೆ, ವೃಷಭ, ಸಿಂಹ, ಲಕ್ಷ್ಮಿ, ಮಾಲೆಗಳು, ಚಂದ್ರ, ಸೂರ್ಯ, ಮೀನುಗಳ ಜೋಡಿ, ಪೂರ್ಣಕುಂಭಗಳು, ಸರೋವರ, ಸಮುದ್ರ, ಸಿಂಹಾಸನ, ವಿಮಾನ, ನಾಗಭವನ, ರತ್ನರಾಶಿ, ಹೊಗೆಯಿಲ್ಲದ ಅಗ್ನಿ ಎಂಬ ಸಾಲು ಬಸದಿಗಳ ಭಿತ್ತಿಗಳಲ್ಲಿಯೂ ಕಾವ್ಯಗಳಲ್ಲಿಯೂ ಕಾಣುತ್ತದೆ. ಅಮೋಘವರ್ಷನ ಗುರುವೆಂದು ಖ್ಯಾತರಾದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಮರುದೇವಿಯ ಈ ಸ್ವಪ್ನಗಳನ್ನು ವರ್ಣಿಸಿದರು. ಅವರ ದಾರಿಯಲ್ಲಿ ನಡೆದ ಪಂಪನು 941ರಲ್ಲಿ ಕನ್ನಡ ಆದಿಪುರಾಣವನ್ನು ರಚಿಸಿದನು.

ಇಲ್ಲಿ ವಿಮರ್ಶಕನು ಗಮನಿಸಬೇಕಾದುದು ಸ್ವಪ್ನಗಳ ವೈಭವವನ್ನಲ್ಲ, ಸ್ವಪ್ನ ಕಂಡವಳ ನಡತೆಯನ್ನು. ಮರುದೇವಿ ಎಚ್ಚೆತ್ತು ತನ್ನ ಮಹಿಮೆಯನ್ನು ಸಾರುವುದಿಲ್ಲ. ಪತಿಯಾದ ನಾಭಿರಾಜನ ಬಳಿಗೆ ಹೋಗಿ ಅರ್ಥವೇನೆಂದು ಕೇಳುತ್ತಾಳೆ. ಕನಸು ಅವಳಲ್ಲಿ ಹುಟ್ಟಿಸಿದ್ದು ಅಧಿಕಾರವನ್ನಲ್ಲ, ಜಿಜ್ಞಾಸೆಯನ್ನು. ಆದರೆ ಮುಂದಿನ ಪುರಾಣಗಳಲ್ಲಿ ಇಪ್ಪತ್ನಾಲ್ಕು ಮಾತೆಯರಿಗೂ ಅದೇ ಸಾಲು ಪುನರಾವರ್ತನೆಯಾಗುವಾಗ ಸ್ವಪ್ನವು ಅನುಭವವಾಗಿ ಉಳಿಯದೆ ಸಂಕೇತವಾಗಿಬಿಡುತ್ತದೆ. ಓದುಗನಿಗೆ ಮುಂದೇನೆಂಬ ಕುತೂಹಲವಿರುವುದಿಲ್ಲ. ಇದು ಕಾವ್ಯದೃಷ್ಟಿಯಿಂದ ಕೊರತೆಯೇ. ಪೂಜಾದೃಷ್ಟಿಯಿಂದ ಅದು ಕೊರತೆಯಲ್ಲ, ಏಕೆಂದರೆ ಪೂಜೆಗೆ ಬೇಕಾದುದು ಹೊಸತಲ್ಲ, ನೆನಪು.

ಆದಿಪುರಾಣದ ನಲವತ್ತೊಂದನೆಯ ಪರ್ವದಲ್ಲಿ ಬರುವ ಭರತನ ಸ್ವಪ್ನಪ್ರಸಂಗವು ಇದಕ್ಕಿಂತ ಭಿನ್ನವಾದುದು, ಆಳವಾದುದು. ಷಟ್ಖಂಡಗಳನ್ನು ಗೆದ್ದ ಚಕ್ರವರ್ತಿಯು ಬ್ರಾಹ್ಮಣ ವರ್ಣವನ್ನು ಸ್ಥಾಪಿಸಿದ ಮೇಲೆ ಅಶುಭಸೂಚಕವಾದ ಹದಿನಾರು ಕನಸುಗಳನ್ನು ಕಾಣುತ್ತಾನೆ. ಅವನು ಆಸ್ಥಾನದ ಹೊಗಳುಭಟರನ್ನು ಕರೆಸುವುದಿಲ್ಲ. ವೃಷಭ ತೀರ್ಥಂಕರರ ಸಮವಸರಣಕ್ಕೆ ಹೋಗುತ್ತಾನೆ. ತಾನು ಮಾಡಿದ ವ್ಯವಸ್ಥೆಯು ಸರಿಯೇ ತಪ್ಪೇ ಎಂದೂ ಕೇಳುತ್ತಾನೆ. ಈಗ ಒಳ್ಳೆಯದೆಂದು ಕಂಡದ್ದು ಪಂಚಮಕಾಲದಲ್ಲಿ ದೋಷಕ್ಕೆ ಬೀಜವಾಗುವುದೆಂಬ ಉತ್ತರ ದೊರೆಯುತ್ತದೆ. ಕಂಡವನನ್ನು ಹೊಗಳುವ ಕನಸುಗಳು ಲೋಕದಲ್ಲಿ ಹೇರಳ; ಕಂಡವನ ಕಾರ್ಯವನ್ನೇ ಪ್ರಶ್ನಿಸುವ ಕನಸು ಅಪರೂಪ. ಅಧಿಕಾರದಲ್ಲಿರುವವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸಂದರ್ಭವಾಗಿ ಸ್ವಪ್ನವನ್ನು ಬಳಸಿದ್ದು ಜಿನಸೇನರ ಹಿರಿಮೆ. ಈ ಗ್ರಂಥದ ನಲವತ್ತೆರಡು ಪರ್ವಗಳೂ ನಲವತ್ಮೂರನೆಯ ಪರ್ವದ ಮೂರು ಪದ್ಯಗಳೂ ಮಾತ್ರ ಅವರ ರಚನೆ; ಉಳಿದುದನ್ನು ಶಿಷ್ಯರಾದ ಗುಣಭದ್ರರು ಪೂರೈಸಿದರು. ಅಂದರೆ ಆಚಾರ್ಯರ ಲೇಖನಿಯ ಕೊನೆಯ ಮಾತುಗಳಲ್ಲಿ ಈ ಆತ್ಮವಿಮರ್ಶೆಯೂ ಒಂದು.

ಅದೇ ಪ್ರಸಂಗದಲ್ಲಿ ಆಚಾರ್ಯರು ಕನಸುಗಳನ್ನು ವಿಂಗಡಿಸುತ್ತಾರೆ. ದೇಹದ ದೋಷಗಳು ಕೆರಳಿದಾಗ ಹುಟ್ಟುವ ಕನಸು ಮಿಥ್ಯೆ. ದೈವದಿಂದ, ಅಂದರೆ ಪುಣ್ಯಪಾಪಗಳ ಉದಯದಿಂದ ಉಂಟಾಗುವುದು ಮಾತ್ರ ತಥ್ಯ. ಕಂಡದ್ದೆಲ್ಲ ಸತ್ಯವಲ್ಲವೆಂಬ ಎಚ್ಚರಿಕೆ ಶಾಸ್ತ್ರದಲ್ಲಿಯೇ ಇದೆ. ಕರ್ಮಸಿದ್ಧಾಂತವು ಇನ್ನೂ ಮುಂದೆ ಹೋಗುತ್ತದೆ. ನಿದ್ರೆಯೇ ದರ್ಶನಾವರಣೀಯ ಕರ್ಮದ ಫಲ, ಕೇವಲಿಗೆ ನಿದ್ರೆಯಿಲ್ಲ. 1953ರಲ್ಲಿ ಷಿಕಾಗೋದ ವಿಜ್ಞಾನಿಗಳು ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಚಲಿಸುವ ನಿದ್ರೆಯ ಹಂತವನ್ನೂ ಕನಸಿನೊಡನೆ ಅದಕ್ಕಿರುವ ನಂಟನ್ನೂ ಗುರುತಿಸಿದರು. ಕನಸಿಗೆ ದೇಹದ ಆಧಾರವಿದೆಯೆಂಬ ಮಾತಿನಿಂದ ಜೈನ ಓದುಗನು ಗಾಬರಿಪಡಬೇಕಾಗಿಲ್ಲ.

ಮಾನ್ಯಖೇಟದಲ್ಲಿಯೇ ಇನ್ನೊಂದು ಕನಸಿನ ಕಥೆಯಿದೆ. ಅಪಭ್ರಂಶದ ಮಹಾಕವಿ ಪುಷ್ಪದಂತನು ಅಪಮಾನದಿಂದ ನೊಂದು ಈ ನಗರಕ್ಕೆ ಬಂದವನು. ಮೂರನೆಯ ಕೃಷ್ಣನ ಮಂತ್ರಿಯಾದ ಭರತನು ಅವನಿಗೆ ಆಶ್ರಯವಿತ್ತು ಮಹಾಪುರಾಣವನ್ನು ಬರೆಯಿಸಿದನು. 959ರಲ್ಲಿ ಆರಂಭವಾದ ಕೃತಿಯು ಆದಿಪುರಾಣದ ಭಾಗ ಮುಗಿದೊಡನೆ ನಿಂತುಹೋಯಿತು; ಕವಿಯ ಮನಸ್ಸು ಬೇಸತ್ತಿತು. ಆಗ ಸರಸ್ವತಿಯು ಕನಸಿನಲ್ಲಿ ತೋರಿ ಅರ್ಹಂತರಿಗೆ ನಮಿಸೆಂದಳೆಂದು ಕವಿಯೇ ಹೇಳಿಕೊಂಡಿದ್ದಾನೆ. ಎಚ್ಚೆತ್ತು ನೋಡಿದರೆ ಯಾರೂ ಇರಲಿಲ್ಲ. ಬಳಿಕ ಮಂತ್ರಿ ಭರತನು ಬಂದು ಬೇಡಿಕೊಂಡನು. ಕವಿ ಮತ್ತೆ ಬರೆಯತೊಡಗಿ 965ರಲ್ಲಿ ಕೃತಿಯನ್ನು ಮುಗಿಸಿದನು. ಆ ಕನಸು ಕವಿಗೆ ನಿಧಿಯನ್ನು ತೋರಿಸಲಿಲ್ಲ, ಶತ್ರುವಿನ ಹೆಸರನ್ನು ಹೇಳಲಿಲ್ಲ. ಅವನು ಬಿಟ್ಟಿದ್ದ ಕೆಲಸಕ್ಕೆ ಅವನನ್ನು ಮರಳಿಸಿತು, ಅಷ್ಟೇ. ಆರು ವರ್ಷದ ಶ್ರಮವೇ ಆ ಕನಸಿನ ಸಾಕ್ಷಿ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ನಗರದ ಸಿರಿ ಹೋಯಿತು, ಕಾವ್ಯ ಉಳಿಯಿತು.

ಈಗ ಶ್ರವಣಬೆಳಗೊಳದ ಎರಡು ಪ್ರಸಿದ್ಧ ಕಥೆಗಳನ್ನು ಪರಿಶೀಲಿಸಬಹುದು. ಚಂದ್ರಗುಪ್ತನು ಹದಿನಾರು ಕನಸುಗಳನ್ನು ಕಂಡು ಭದ್ರಬಾಹು ಸ್ವಾಮಿಗಳನ್ನು ಕೇಳಿದನೆಂಬ ಕಥೆ ಮನೆಮನೆಯಲ್ಲಿದೆ. ಆದರೆ ಚಿಕ್ಕಬೆಟ್ಟದ, ಸುಮಾರು ಕ್ರಿ.ಶ. 600ರ ಶಾಸನವು ಉಜ್ಜಯಿನಿಯಲ್ಲಿ ಭದ್ರಬಾಹುಗಳು ಅಷ್ಟಾಂಗ ಮಹಾನಿಮಿತ್ತಜ್ಞಾನದಿಂದ ಹನ್ನೆರಡು ವರ್ಷಗಳ ಕ್ಷಾಮವನ್ನು ಅರಿತರೆಂದು ಹೇಳುತ್ತದೆಯೇ ಹೊರತು ಅರಸನ ಕನಸನ್ನು ಹೇಳುವುದಿಲ್ಲ. ಸ್ವಪ್ನವು ಆ ಎಂಟು ಅಂಗಗಳಲ್ಲಿ ಒಂದು ಮಾತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ‘ರಾಜಾವಳಿ ಕಥೆ’ಯನ್ನು ಬರೆಯುವ ವೇಳೆಗೆ ಕನಸುಗಳ ಪಟ್ಟಿಯೇ ಕಥೆಯ ಕೇಂದ್ರವಾಗಿದೆ: ಮುಳುಗುವ ಸೂರ್ಯನು ಜ್ಞಾನದ ಅಸ್ತಮಾನ, ಹನ್ನೆರಡು ಹೆಡೆಯ ಸರ್ಪವು ಹನ್ನೆರಡು ವರ್ಷದ ಕ್ಷಾಮ. ಒಂದು ಚಿತ್ರಕ್ಕೆ ಒಂದೇ ಅರ್ಥ. ಇಲ್ಲಿ ಚಂದ್ರಗುಪ್ತನ ಮನಸ್ಸು ಮರೆಯಾಗಿ, ತಮ್ಮ ಕಾಲದ ಅವನತಿಗೆ ಮರುಗುವ ಗ್ರಂಥಕಾರರ ಮನಸ್ಸು ಮುಂದೆ ಬರುತ್ತದೆ. ಆ ಮರುಕವು ಸತ್ಯವಾದುದೇ. ಆದರೆ ಅದು ಮೌರ್ಯರ ಕಾಲದ ಚರಿತ್ರೆಯಲ್ಲ, ಬರೆದವರ ಕಾಲದ ಚರಿತ್ರೆ.

ಗೊಮ್ಮಟನ ಕಥೆಯೂ ಹಾಗೆಯೇ. ಶಾಸನದೇವಿಯು ಕನಸಿನಲ್ಲಿ ಬಂದು ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಾಣ ಬಿಡುವಂತೆ ಚಾವುಂಡರಾಯನಿಗೆ ಹೇಳಿದಳೆಂಬುದು ಜನಜನಿತ. ಸುಮಾರು 981ರಲ್ಲಿ ಪ್ರತಿಷ್ಠೆಗೊಂಡ ಮೂರ್ತಿಯ ಪಾದದ ಬಳಿಯ ಶಾಸನಗಳು ಮಾಡಿಸಿದವನ ಹೆಸರನ್ನಷ್ಟೇ ಹೇಳುತ್ತವೆ. ಸುಮಾರು 1180ರ ಬೊಪ್ಪಣ ಕವಿಯ ಶಾಸನದಲ್ಲಿ ಪೌದನಪುರದ ಮೂರ್ತಿಯನ್ನು ನೋಡಲಾಗದೆ ಹೋದ ಚಾವುಂಡರಾಯನು ತಾನೇ ಅಂತಹುದನ್ನು ಮಾಡಿಸಲು ಸಂಕಲ್ಪಿಸುತ್ತಾನೆ. ಅಲ್ಲಿ ಕನಸಿಲ್ಲ, ಸಂಕಲ್ಪವಿದೆ. ಕನಸು ಸೇರಿದ್ದು ‘ಭುಜಬಲಿ ಶತಕ’ದಂತಹ ನಂತರದ ಕೃತಿಗಳಲ್ಲಿ. ಮಾನವಪ್ರಯತ್ನವೆಂದು ಹೇಳಿದರೆ ಸಾಲದು, ದೇವತೆಯ ಅಪ್ಪಣೆಯೂ ಬೇಕೆಂದು ಮುಂದಿನವರಿಗೆ ತೋರಿತು. ಭಕ್ತಿ ಬೆಳೆಯಿತೆನ್ನಬಹುದು; ಆದರೆ ಶಿಲ್ಪಿಯ ಉಳಿಯ ಮೇಲೂ ಮಾಡಿಸಿದವನ ಛಲದ ಮೇಲೂ ಇದ್ದ ನಂಬಿಕೆ ಅಷ್ಟರಮಟ್ಟಿಗೆ ಕುಗ್ಗಿತೆಂಬುದನ್ನೂ ಹೇಳಬೇಕಾಗುತ್ತದೆ.

ಈ ವಿಮರ್ಶೆ ಗ್ರಂಥಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಕಲಬುರಗಿ ಜಿಲ್ಲೆಯ ಜೈನ ಶಾಸನಗಳ ವಿಸ್ತಾರವನ್ನು ಪಿ. ಬಿ. ದೇಸಾಯಿಯವರು ಸೊಲ್ಲಾಪುರದಿಂದ 1957ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಇಂತಹ ನೆಲದಲ್ಲಿ ನೇಗಿಲಿಗೆ ಹಳೆಯ ಶಿಲ್ಪ ತಗಲುವುದು ಅಸಂಭವವಲ್ಲ. ಆಗ ಕನಸುಗಳು ಏಳುತ್ತವೆ. ಭಗವಂತನು ತನ್ನನ್ನು ಇಲ್ಲಿಯೇ ಸ್ಥಾಪಿಸೆಂದನೆಂದು ಒಬ್ಬನು, ಅಲ್ಲಿಗೆ ಒಯ್ಯೆಂದನೆಂದು ಮತ್ತೊಬ್ಬನು ಹೇಳಿದರೆ ಟ್ರಸ್ಟಿನವರು ಯಾರ ಕನಸನ್ನು ನಂಬಬೇಕು? ಇನ್ನು ಪೀಠದ ಕೆಳಗೆ ನಿಧಿಯಿದೆಯೆಂಬ ಕನಸು ಕರ್ನಾಟಕದ ಅದೆಷ್ಟೋ ಪಾಳುಗುಡಿಗಳನ್ನು ಅಗೆಸಿದೆ. ಬಸದಿಯನ್ನು ಒಡೆದ ಹಾರೆಯ ಹಿಂದೆ ಹಲವೊಮ್ಮೆ ಯಾರೋ ಹೇಳಿದ ಒಂದು ಕನಸು ಇರುತ್ತದೆ.

ಇದಕ್ಕೆ ಉತ್ತರವನ್ನು ಆಚಾರ್ಯರು ಮೊದಲೇ ಕೊಟ್ಟಿದ್ದಾರೆ. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅಚೌರ್ಯವನ್ನು ವಿವರಿಸುವಾಗ ಹೂಳಿಟ್ಟ, ಬಿದ್ದ, ಮರೆತ ಪರದ್ರವ್ಯವನ್ನೂ ಶ್ರಾವಕನು ಮುಟ್ಟಬಾರದೆಂದಿದ್ದಾರೆ. ಕನಸು ಆ ನಿಯಮಕ್ಕೆ ಅಪವಾದವಲ್ಲ. ಕಾಣದ ಕನಸನ್ನು ಕಂಡೆನೆಂದು ಹೇಳಿ ಜನರನ್ನು ನಡೆಸುವುದು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲು ಎಣಿಸುವ ಮಿಥ್ಯೋಪದೇಶ. ನೆಲದಲ್ಲಿ ದೊರೆತ ಪ್ರಾಚೀನ ವಸ್ತುವಿನ ವಿಷಯವನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ರಾಜ್ಯದ ನಿಯಮವೂ ಇದೆ. ಟ್ರಸ್ಟಿನ ಸಭೆಯಲ್ಲಿ ಕನಸನ್ನು ಗೌರವದಿಂದ ಕೇಳಬಹುದು; ನಡಾವಳಿಯ ಪುಸ್ತಕದಲ್ಲಿ ಅದನ್ನು ಪ್ರಮಾಣವಾಗಿ ಬರೆಯಲಾಗದು.

ಪಂಚಕಲ್ಯಾಣ ಮಹೋತ್ಸವದಲ್ಲಿ ಮಾತೆಯ ಹದಿನಾರು ಸ್ವಪ್ನಗಳನ್ನು ವೇದಿಕೆಯ ಮೇಲೆ ತೋರಿಸುತ್ತಾರೆ. ತಂದೆತಾಯಿಯರ ಪಾತ್ರವನ್ನು ಸವಾಲಿನಲ್ಲಿ ಪಡೆಯುವ ರೂಢಿಯೂ ಇದೆ. ಆ ಹಣ ಬಸದಿಯ ಕಾರ್ಯಕ್ಕೆ ಸಲ್ಲುವುದಾದರೆ ಅದು ದಾನವೇ. ಆದರೆ ಸವಾಲಿನ ಕೂಗು ಮುಗಿದ ಮೇಲೆ ಮಕ್ಕಳಿಗೆ ನೆನಪಿನಲ್ಲಿ ಉಳಿಯಬೇಕಾದುದು ಮೊತ್ತವಲ್ಲ. ರಾಣಿಯಾಗಿಯೂ ಅರ್ಥವನ್ನು ಕೇಳಿದ ಮರುದೇವಿ, ಚಕ್ರವರ್ತಿಯಾಗಿಯೂ ತನ್ನ ತಪ್ಪನ್ನು ಕೇಳಿದ ಭರತ, ಎಚ್ಚೆತ್ತು ಬರವಣಿಗೆಗೆ ಮರಳಿದ ಪುಷ್ಪದಂತ ನೆನಪಿರಬೇಕು.

ಈ ಮೂವರ ಕನಸುಗಳಿಗೂ ಸಮಾನವಾದ ಒಂದು ಲಕ್ಷಣವಿದೆ. ಅವುಗಳಲ್ಲಿ ಯಾವುದೂ ಇನ್ನೊಬ್ಬನಿಗೆ ಅಪ್ಪಣೆ ಕೊಡುವುದಿಲ್ಲ. ಕಂಡವರನ್ನೇ ತಿದ್ದುತ್ತದೆ, ಎಚ್ಚರಿಸುತ್ತದೆ, ದುಡಿಸುತ್ತದೆ. ಕಂಡವನಿಂದ ತ್ಯಾಗವನ್ನು ಕೇಳುವ ಕನಸನ್ನು ನಂಬಿದರೆ ಹಾನಿಯಿಲ್ಲ. ಕೇಳಿದವರಿಂದ ತ್ಯಾಗವನ್ನು ಕೇಳುವ ಕನಸನ್ನು ಮಾತ್ರ ಹಗಲಿನ ಬೆಳಕಿನಲ್ಲಿ ಪರೀಕ್ಷಿಸಬೇಕು.