ಮೂರು ವಾರದ ನಿಯಮ, ವರ್ಷವಿಡೀ ಹಾರುವ ಹದ್ದು

ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ವರ್ಷ, ಜನವರಿಯಲ್ಲಿ ಸುತ್ತಲಿನ ಅಂಗಡಿಗಳಿಗೆ ಒಂದು ನೋಟಿಸು ಬರುತ್ತದೆ. 2023ರಲ್ಲಿ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಹೊರಡಿಸಿದ ನೋಟಿಸಿನ ಪ್ರಕಾರ ಜನವರಿ 30ರಿಂದ ಫೆಬ್ರುವರಿ 20ರವರೆಗೆ ನೆಲೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಟನ್, ಚಿಕನ್, ಮೀನಿನ ಅಂಗಡಿ ತೆರೆಯುವಂತಿರಲಿಲ್ಲ. ಹೋಟೆಲಿನಲ್ಲಿ ಮಾಂಸದ ಅಡುಗೆ ಬಡಿಸುವಂತಿರಲಿಲ್ಲ. 2025ರಲ್ಲಿ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಅದೇ ಆದೇಶ. ವ್ಯಾಪ್ತಿ ಮಾತ್ರ 13 ಕಿಲೋಮೀಟರಿಗೆ ಹಿಗ್ಗಿತ್ತು. ಕೊಟ್ಟ ಕಾರಣ ಎರಡು ಸಲವೂ ಒಂದೇ: ಮಾಂಸದ ತ್ಯಾಜ್ಯಕ್ಕೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. ಈ ಆದೇಶವನ್ನು ಊಟದ ರಾಜಕೀಯವಾಗಿ ನೋಡಿದವರಿದ್ದಾರೆ, ದೇಶದ ಮಾನದ ಪ್ರಶ್ನೆಯಾಗಿ ನೋಡಿದವರೂ ಇದ್ದಾರೆ. ಅದು ತನ್ನನ್ನು ಹಾರಾಟದ ಸುರಕ್ಷತೆಯ ಕ್ರಮ ಎಂದು ಕರೆದುಕೊಳ್ಳುವುದರಿಂದ, ಆ ಅಳತೆಯಲ್ಲೇ ಅದನ್ನು ಪರೀಕ್ಷಿಸುವುದು ನ್ಯಾಯ. ಆ ಅಳತೆಯಲ್ಲಿ ಅದು ನಿಲ್ಲುವುದಿಲ್ಲ ಎಂಬುದು ನನ್ನ ತೀರ್ಮಾನ.

ಭಯವೇನೋ ಸುಳ್ಳಲ್ಲ. ಊರ ಮೇಲೆ ಸುತ್ತುವ ನಮ್ಮ ಹದ್ದಿನ ತೂಕ ಮುಕ್ಕಾಲು ಕಿಲೋ ಆಸುಪಾಸು. ಆದರೆ ವಿಮಾನದ ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ಏಳುನೂರು ಕಿಲೋಮೀಟರ್ ವೇಗದಲ್ಲಿ ಬರುವ ಫೈಟರ್ ವಿಮಾನದ ಎಂಜಿನ್ ಬ್ಲೇಡು ಮುರಿಯಲು, ಪೈಲಟ್ ಮುಂದಿನ ಗಾಜು ಒಡೆಯಲು ಆ ಮುಕ್ಕಾಲು ಕಿಲೋ ಸಾಕು. 2019ರ ಜೂನ್ 27ರಂದು ಅಂಬಾಲಾ ನೆಲೆಯಿಂದ ಮೇಲೆದ್ದ ಜಾಗ್ವಾರ್‌ಗೆ ಹಕ್ಕಿ ಬಡಿದು ಒಂದು ಎಂಜಿನ್ ಕೆಟ್ಟಿತು. ಪೈಲಟ್ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನೂ ತಾಲೀಮಿನ ಸಣ್ಣ ಬಾಂಬುಗಳನ್ನೂ ಕಳಚಿ ಬೀಳಿಸಿ, ಭಾರ ಇಳಿಸಿಕೊಂಡು, ತಿರುಗಿ ಬಂದು ಕ್ಷೇಮವಾಗಿ ಇಳಿದರು. ಜಾಗ್ವಾರ್‌ಗೆ ಎರಡು ಎಂಜಿನ್ ಇರುವುದರಿಂದ ಅಷ್ಟಾದರೂ ಅವಕಾಶ ಸಿಕ್ಕಿತು. ಯಲಹಂಕದ ಆಕಾಶದಲ್ಲಿ ಕಸರತ್ತು ಮಾಡುವ ತೇಜಸ್‌ಗೂ ಸೂರ್ಯಕಿರಣ ತಂಡದ ಹಾಕ್‌ಗೂ ಇರುವುದು ಒಂದೇ. ಪ್ರದರ್ಶನದ ಹಾರಾಟ ನಡೆಯುವುದೂ ಹದ್ದು ತೇಲುವ ಎತ್ತರದಲ್ಲಿ, ಬಿಸಿಲೇರಿ ನೆಲದ ಬಿಸಿಗಾಳಿ ಮೇಲೇಳುವ ಹೊತ್ತಿನಲ್ಲಿ.

ಹಾಗಾದರೆ ಅಂಗಡಿ ಮುಚ್ಚಿಸಿದ್ದು ಸರಿಯಲ್ಲವೇ? ನೋಟಿಸು ಆಧಾರವಾಗಿ ತೋರಿಸುವುದು 1937ರ ವಿಮಾನ ನಿಯಮಗಳ 91ನೇ ನಿಯಮವನ್ನು. ಅದನ್ನು ಗಮನವಿಟ್ಟು ಓದಬೇಕು. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯುವುದು, ಚರ್ಮ ಸುಲಿಯುವುದು, ಹಕ್ಕಿಗಳನ್ನು ಸೆಳೆಯುವಂಥ ಕಸ ಎಸೆಯುವುದು ಕೂಡದು ಎನ್ನುತ್ತದೆ ಅದು. ಹೋಟೆಲು, ಮಾಂಸದಂಗಡಿ, ಮೀನಿನಂಗಡಿಯ ಹೆಸರು ಅದರಲ್ಲಿ ಬರುತ್ತದೆ ನಿಜ, ಆದರೆ ಬರುವುದು ಕಸ ಎಲ್ಲಿಂದ ಹೊರಬೀಳುತ್ತದೆ ಎಂದು ಹೇಳುವಾಗ. ಗಮನವೆಲ್ಲ ಇರುವುದು ಬಯಲಿಗೆ ಬೀಳುವ ಕಸದ ಮೇಲೆ. ಟೇಬಲಿನ ಮೇಲಿನ ಬಿರಿಯಾನಿ ತಟ್ಟೆಗೆ ಹದ್ದು ಎರಗುವುದಿಲ್ಲ; ಆ ತಟ್ಟೆಯ ಮೂಳೆ ರಸ್ತೆ ಬದಿಯ ಗುಡ್ಡೆ ಸೇರಿದರೆ ಎರಗುತ್ತದೆ. ಇನ್ನೊಂದು ಮಾತು: ಆ ನಿಯಮಕ್ಕೆ ಋತುವಿಲ್ಲ. ವರ್ಷದ ಅಷ್ಟೂ ದಿನ ಅದು ಜಾರಿಯಲ್ಲಿರಬೇಕು. ಯಲಹಂಕ ಎರಡು ವರ್ಷಕ್ಕೊಮ್ಮೆ ತೆರೆಯುವ ಪ್ರದರ್ಶನದ ಮೈದಾನವಲ್ಲ. ಸಾಗಣೆ ವಿಮಾನಗಳ ಪೈಲಟ್‌ಗಳು ಅಲ್ಲಿ ತರಬೇತಿ ಪಡೆಯುತ್ತಾರೆ. ಕಲಿಯುವ ಹುಡುಗ ಹುಡುಗಿಯರು ಜೂನ್ ತಿಂಗಳಲ್ಲಿ ಹಾರಿದರೂ ಹದ್ದು ಅದೇ, ಅಪಾಯವೂ ಅದೇ.

ಆ ನಿಯಮ ವರ್ಷವಿಡೀ ಜಾರಿಯಲ್ಲಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಮಾವಳ್ಳಿಪುರವನ್ನು ನೆನೆಯಬೇಕು. ಬೆಂಗಳೂರಿನ ಕಸ ಲಾರಿಗಟ್ಟಲೆ ಯಲಹಂಕದ ಆಚೆಯ ಆ ಹಳ್ಳಿಗೆ ವರ್ಷಗಟ್ಟಲೆ ಹೋಗಿ ಬಿತ್ತು. ಅಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತದ್ದು, ನೀರು ಗಾಳಿ ಕೆಟ್ಟು ಕಂಗಾಲಾದ ಗ್ರಾಮಸ್ಥರು ಹೋರಾಡಿದ ಮೇಲೆ. ಒಂದು ಮಾಂಸದಂಗಡಿಯ ಹಿಂದಿನ ಬುಟ್ಟಿಗೆ ಹತ್ತು ಹದ್ದು ಬಂದರೆ ಅಂಥ ಕಸದ ಬೆಟ್ಟಕ್ಕೆ ಎಷ್ಟು ಬರುತ್ತವೆ ಎಂದು ಯಾರಾದರೂ ಊಹಿಸಬಲ್ಲರು. ದೊಡ್ಡ ಕಸವನ್ನು ನಗರವೇ ಸುರಿದು, ಸಣ್ಣ ಕಸಕ್ಕಾಗಿ ಅಂಗಡಿಯವನ ಮೂರು ವಾರದ ದುಡಿಮೆ ಕಿತ್ತುಕೊಳ್ಳುವುದು ಅನ್ಯಾಯ. ಬಾಡಿಗೆ ನಿಲ್ಲುವುದಿಲ್ಲ, ಕೆಲಸದ ಹುಡುಗರ ಹೊಟ್ಟೆ ನಿಲ್ಲುವುದಿಲ್ಲ.

ಹಕ್ಕಿಯ ಕಡೆಯಿಂದ ನೋಡಿದರೂ ಈ ಲೆಕ್ಕಾಚಾರ ಕೂಡುವುದಿಲ್ಲ. ನಮ್ಮಲ್ಲಿ ಹದ್ದು ಗೂಡು ಕಟ್ಟುವುದು ಮುಖ್ಯವಾಗಿ ಜನವರಿ, ಫೆಬ್ರುವರಿಯಲ್ಲಿ. ಮಳೆಗಾಲಕ್ಕೆ ಮುಂಚೆ ಮರಿ ಹಾರಿಬಿಡುತ್ತದೆ. ಎತ್ತರದ ಮರ, ಕರೆಂಟು ಕಂಬ, ಮೊಬೈಲ್ ಟವರುಗಳಲ್ಲಿ ಗೂಡಿಟ್ಟ ಹಕ್ಕಿ, ಅಂಗಡಿ ಮುಚ್ಚಿತೆಂದು ಊರು ಬಿಟ್ಟು ಹೋಗುವುದಿಲ್ಲ. ಹತ್ತಿರದಲ್ಲಿ ಸಿಗದಿದ್ದರೆ ಅದು ಇನ್ನಷ್ಟು ದೂರ, ಇನ್ನಷ್ಟು ಹೊತ್ತು ಆಕಾಶದಲ್ಲಿ ಹುಡುಕೀತು ಎಂಬ ಅನುಮಾನ ನನ್ನದು. ಮುಚ್ಚಿದ ವಾರಗಳಲ್ಲಿ ಹದ್ದು ಕಡಿಮೆಯಾದವೋ ಹೆಚ್ಚಾದವೋ ಎಂದು ಎಣಿಸಿದ ಲೆಕ್ಕವನ್ನು ನೋಟಿಸಿನ ಜೊತೆ ಜನರ ಮುಂದಿಡಬೇಕಿತ್ತು. ಸುರಕ್ಷತೆಯ ಕ್ರಮ ಎನ್ನಿಸಿಕೊಳ್ಳುವುದಕ್ಕೆ ಅದು ಕನಿಷ್ಠ ಅರ್ಹತೆ.

ವಾಯುನೆಲೆಯ ಬೇಲಿಯ ಒಳಗಿನ ಕೆಲಸ ಬೇರೆಯೇ ಇದೆ, ಮತ್ತು ಅದು ಹೆಚ್ಚು ಗಟ್ಟಿಯಾದದ್ದು. ರನ್‌ವೇ ಪಕ್ಕದ ಹುಲ್ಲಿನಲ್ಲಿ, ಜಲ್ಲಿಯ ನಡುವೆ, ಟಿಟ್ಟಿಭ ಹಕ್ಕಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣ ಜಲ್ಲಿಯ ಬಣ್ಣವೇ. ಹಗಲಿರಲಿ ಇರುಳಿರಲಿ, ಯಾರೇ ಹತ್ತಿರ ಬಂದರೂ ಕೂಗುತ್ತ ತಲೆಯ ಮೇಲೆ ಏಳುತ್ತದೆ. ಬಂದದ್ದು ವಿಮಾನವಾದರೆ ಎಂಜಿನ್ ಬಾಯಿಗೇ ಎದ್ದಂತೆ. ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳು ಏಳುತ್ತವೆ, ಅವುಗಳ ಹಿಂದೆ ಹಕ್ಕಿಗಳ ಹಿಂಡು. ಮಾಂಸದಂಗಡಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಇದಕ್ಕೆ ಬೇಕಾದ್ದು ಹುಲ್ಲನ್ನು ಯಾವ ಎತ್ತರದಲ್ಲಿ ಇಡಬೇಕು, ಯಾವಾಗ ಕೊಯ್ಯಬೇಕು, ನೀರು ಎಲ್ಲಿ ನಿಲ್ಲುತ್ತದೆ, ಗೆದ್ದಲು ಎಲ್ಲಿ ಎದ್ದಿದೆ ಎಂದು ನೋಡುವ ಕಣ್ಣು. ಬೆಳಿಗ್ಗೆ ಹಾರಾಟಕ್ಕೆ ಮೊದಲು ಜೀಪು ರನ್‌ವೇಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಯೋಧರು ಸಾಲಾಗಿ ತಲೆ ತಗ್ಗಿಸಿ ನಡೆಯುತ್ತ ಬೋಲ್ಟು, ಕಲ್ಲು, ತಂತಿ ತುಂಡು ಹೆಕ್ಕುತ್ತಾರೆ. ಹಕ್ಕಿಯಂತೆಯೇ ಎಂಜಿನ್ ಒಳಗೆ ಹೋಗಬಲ್ಲ ಆ ಒಂದು ಕಲ್ಲಿನ ಭಯ ಎಂಥದ್ದೆಂದರೆ, ಸೋವಿಯತ್ ವಿನ್ಯಾಸಕಾರರು ಮಿಗ್-29ರ ಎಂಜಿನ್ ಬಾಯಿಗೆ ಬಾಗಿಲನ್ನೇ ಇಟ್ಟರು. ವಿಮಾನ ನೆಲದ ಮೇಲೆ ಓಡುವಾಗ ಅದು ಮುಚ್ಚಿರುತ್ತದೆ, ಎಂಜಿನ್ ಗಾಳಿಯನ್ನು ಮೇಲಿನ ಸೀಳುಗಳಿಂದ ಎಳೆದುಕೊಳ್ಳುತ್ತದೆ. ಇಂಥ ಕೆಲಸಕ್ಕೆ ಪ್ರಚಾರವಿಲ್ಲ. ನಿತ್ಯವೂ ಮಾಡುವುದರಿಂದಲೇ ಅದಕ್ಕೆ ಬೆಲೆ. ತಪ್ಪಿದಾಗ ಏನಾಗುತ್ತದೆಂದು ಪುಣೆಯ ಲೋಹೆಗಾಂವ್ ವಾಯುನೆಲೆಯಲ್ಲಿ 2020ರ ಫೆಬ್ರುವರಿ 15ರಂದು ಕಂಡಿತು: ಓಡುತ್ತಿದ್ದ ಪ್ರಯಾಣಿಕರ ವಿಮಾನದ ಮುಂದೆ ರನ್‌ವೇಯಲ್ಲಿ ಜೀಪೂ ಒಬ್ಬ ಮನುಷ್ಯನೂ ಕಾಣಿಸಿ, ಪೈಲಟ್ ಅವಸರದಲ್ಲಿ ಮೂತಿ ಎತ್ತಿ, ಬಾಲ ನೆಲಕ್ಕೆ ಉಜ್ಜಿತು. ಪುಣ್ಯಕ್ಕೆ ವಿಮಾನ ದೆಹಲಿಯಲ್ಲಿ ಕ್ಷೇಮವಾಗಿ ಇಳಿಯಿತು.

ಗೊತ್ತಿದ್ದ ಮಾತು ಮುಟ್ಟಬೇಕಾದವರಿಗೆ ಮುಟ್ಟದೆ ಕೆಟ್ಟ ಉದಾಹರಣೆಗಳು ಹೊರದೇಶದಲ್ಲಿವೆ. 1995ರ ಸೆಪ್ಟೆಂಬರ್ 22ರಂದು ಅಲಾಸ್ಕಾದ ಎಲ್ಮೆನ್‌ಡಾರ್ಫ್ ನೆಲೆಯಲ್ಲಿ ಅಮೆರಿಕದ ಅವಾಕ್ಸ್ ಎಂಬ ರಾಡಾರ್ ಕಾವಲಿನ ವಿಮಾನ ಹೆಬ್ಬಾತುಗಳ ಹಿಂಡಿಗೆ ಸಿಕ್ಕಿ ಬಿದ್ದು 24 ಮಂದಿ ಸತ್ತರು. ಮುಂಚೆ ಹೋದ ವಿಮಾನದ ಸದ್ದಿಗೆ ಹಕ್ಕಿಗಳು ಎದ್ದದ್ದನ್ನು ಟವರಿನಿಂದ ನೋಡಿದ್ದರು. ಆ ಮಾತು ಅದರ ಹಿಂದೆ ಬರಲಿದ್ದ ಅವಾಕ್ಸ್‌ಗೆ ಮುಟ್ಟಲಿಲ್ಲ. ಮರುವರ್ಷ ಜುಲೈ 15ರಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನೆಲೆಯಲ್ಲಿ ಬೆಲ್ಜಿಯಂನ ಹರ್ಕ್ಯುಲಿಸ್ ವಿಮಾನ ಹಕ್ಕಿ ಹಿಂಡಿಗೆ ಸಿಕ್ಕಿ ಬಿತ್ತು. ಒಳಗೆ ಡಚ್ ಸೇನೆಯ ವಾದ್ಯತಂಡದವರೂ ಸೇರಿ 41 ಮಂದಿ. ಇರುವುದು ಸಿಬ್ಬಂದಿ ಮಾತ್ರ ಎಂದು ಬೆಂಕಿ ಆರಿಸಲು ಬಂದವರು ತಿಳಿದಿದ್ದರು, ಬಾಗಿಲು ತೆರೆಯುವುದು ತಡವಾಯಿತು, 34 ಜೀವ ಹೋದವು. ನನಗೆ ಹೆಚ್ಚು ನೋವಾಗುವುದು ಈ ಎರಡನೆಯದರ ಬಗ್ಗೆ. ಎಷ್ಟು ಜನರಿದ್ದಾರೆ ಎಂಬ ಒಂದು ಸಂಖ್ಯೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗಿದ್ದರೆ ಎಷ್ಟೋ ಮಂದಿ ಬದುಕುತ್ತಿದ್ದರು.

ಯಲಹಂಕದ್ದೇ ಅನುಭವ ನೋಡಿ. 2019ರ ಫೆಬ್ರುವರಿ 19ರಂದು ತಾಲೀಮಿನಲ್ಲಿ ಸೂರ್ಯಕಿರಣದ ಎರಡು ಹಾಕ್‌ಗಳು ಒಂದಕ್ಕೊಂದು ತಗುಲಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ನಾಲ್ಕು ದಿನದ ನಂತರ ಪಾರ್ಕಿಂಗ್ ಬಯಲಿನ ಒಣಹುಲ್ಲಿಗೆ ಬೆಂಕಿ ಹತ್ತಿ, ಗಾಳಿಗೆ ಹಬ್ಬಿ, ಸುಮಾರು 300 ಕಾರುಗಳು ಸುಟ್ಟವು. ಎರಡಕ್ಕೂ ಹದ್ದು ಕಾರಣವಲ್ಲ. ಹತ್ತು ಕಿಲೋಮೀಟರ್ ಆಚೆಯ ಕೋಳಿ ಅಂಗಡಿಯ ಮೇಲೆ ಇಟ್ಟ ಎಚ್ಚರ ಪ್ರದರ್ಶನದ ಬಾಗಿಲಲ್ಲೇ ಇದ್ದ ಹುಲ್ಲಿನ ಮೇಲೆ ಇರಲಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಸುಮಾರು 50 ಕೋಟಿ ವಲಸೆ ಹಕ್ಕಿಗಳು ವರ್ಷಕ್ಕೆ ಎರಡು ಸಲ ದಾಟುವ ಇಸ್ರೇಲಿನಲ್ಲಿ ಪಕ್ಷಿವಿಜ್ಞಾನಿ ಯೋಸಿ ಲೆಷೆಮ್ 1980ರ ದಶಕದಲ್ಲಿ ಮೋಟಾರು ಗ್ಲೈಡರಿನಲ್ಲಿ ಹಿಂಡುಗಳ ಜೊತೆಗೇ ಹಾರಿ, ಯಾವ ವಾರ, ಯಾವ ದಾರಿ, ಎಷ್ಟು ಎತ್ತರ ಎಂದು ನಕ್ಷೆ ಮಾಡಿದರು. ಅಲ್ಲಿನ ವಾಯುಪಡೆ ಆ ನಕ್ಷೆಗೆ ತಕ್ಕಂತೆ ಹಾರಾಟವನ್ನು ಬದಲಿಸಿತು, ಹಕ್ಕಿ ಬಡಿದು ಆಗುತ್ತಿದ್ದ ನಷ್ಟದ ಬಹುಪಾಲು ತಪ್ಪಿತು. ನಮ್ಮಲ್ಲೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅದೇ ಕಾಲಕ್ಕೆ ವಿಮಾನ ನಿಲ್ದಾಣಗಳ ಹಕ್ಕಿಗಳನ್ನು ಅಧ್ಯಯನ ಮಾಡಿದ್ದಾರೆ. ಬೆಂಗಳೂರಿನಲ್ಲಿ ಹಕ್ಕಿ ಬಲ್ಲವರಿಗೆ ಬರವಿಲ್ಲ. ಮುಂದಿನ ಪ್ರದರ್ಶನಕ್ಕೆ ಮುಂಚೆ ಪಾಲಿಕೆ ಮತ್ತು ವಾಯುಪಡೆ ಅವರನ್ನು ಕರೆದು ಯಲಹಂಕ, ಕೋಗಿಲು, ವಿದ್ಯಾರಣ್ಯಪುರ, ರಾಜಾನುಕುಂಟೆಗಳ ಹದ್ದಿನ ಗೂಡುಗಳನ್ನು ವರ್ಷವಿಡೀ ಎಣಿಸಲಿ. ಪ್ರತಿ ಮಾಂಸದಂಗಡಿಗೂ ಮುಚ್ಚಳ ಗಟ್ಟಿಯಾದ ಡ್ರಮ್ಮು ಕೊಟ್ಟು, ಅದನ್ನು ದಿನಾ ಸಂಜೆ ಒಯ್ಯುವ ಗಾಡಿ ಇಡಲಿ. ಡ್ರಮ್ಮಿದ್ದೂ ಮೋರಿಗೆ ಸುರಿದವನಿಗೆ ದಂಡ ಹಾಕಲಿ, ಉಳಿದವರ ಅಂಗಡಿ ಫೆಬ್ರುವರಿಯಲ್ಲೂ ತೆರೆದಿರಲಿ.